ಪಿಂಚಣಿ ಬೋರ್ಡಿನ ಮೇಲೆ ನಮ್ಮ ಚಿಕ್ಕವ್ವ

ಒಂದಷ್ಟು ವರ್ಷ ನಾನು ಸರ್ಕಾರದ ಬಾಯಾಗಿದ್ದೆ. ಬಾಯಿ ಮಾತ್ರ. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಆ ದಿನಗಳಲ್ಲಿ ಊಟಿಯಲ್ಲೊಂದು ಪ್ರಚಾರದ ಜೀಪಿತ್ತು. ನೆತ್ತಿಯ ಮೇಲೆ ಎರಡು ಲೌಡ್‌ಸ್ಪೀಕರ್, ಹಿಂದಿನ ಸೀಟಿನಲ್ಲಿ ಬ್ಯಾಟರಿ, ಮುಂದೆ ಡ್ರೈವರು, ಅವನ ಪಕ್ಕದಲ್ಲಿ ಮೈಕು ಹಿಡಿದ ನಾನು. ಮುದುಕರಿಗೆ ಪಿಂಚಣಿ, ವಿಧವೆಯರಿಗೆ ಪಿಂಚಣಿ, ಬಡವರ ಮನೆಯ ಮದುವೆಗೆ ನೆರವು, ಹೆರಿಗೆಗೆ ನೆರವು ಅಂತ ಸರ್ಕಾರ ಕೊಡುತ್ತೇನೆ ಅಂದದ್ದನ್ನೆಲ್ಲ ಬೀದಿಬೀದಿಯಲ್ಲಿ ಕೂಗಿ ಹೇಳುವುದು ನನ್ನ ಕೆಲಸ. ಕೊಡುವುದು ನನ್ನ ಕೆಲಸವಲ್ಲ. ಇದನ್ನು ಜನರಿಗೆ ತಿಳಿಸಿ ಹೇಳುವುದರಲ್ಲೇ ನನ್ನ ಅರ್ಧ ಗಂಟಲು ಹೋಯಿತು.

ಕೆಲಸ ದಿನಗೂಲಿಯದು. ಜೀಪು ಹೊರಟರೆ ಕೂಲಿ, ಕೆಟ್ಟು ನಿಂತರೆ ಇಲ್ಲ. ಅದು ಸಿಕ್ಕಿದ್ದು ನಾಲಿಗೆಯ ದೆಸೆಯಿಂದ. ನಮ್ಮ ತಾತ ಮೈಸೂರು ಕಡೆಯಿಂದ ದನ ಹೊಡೆದುಕೊಂಡು ಬಂದು ಮಸಿನಗುಡಿಯಲ್ಲಿ ನಿಂತವರು, ಹಾಗಾಗಿ ಮನೆಯಲ್ಲಿ ಕನ್ನಡ. ಶಾಲೆಯಲ್ಲಿ ತಮಿಳು. ಹರೆಯದಲ್ಲಿ ಕೆತ್ತಿಯ ಕ್ಯಾರೆಟ್ ತೋಟಗಳಲ್ಲಿ ಮೂಟೆ ಹೊರುತ್ತ ಬಡಗ ಭಾಷೆ ಕಲಿತೆ. ಗೂಡಲೂರಿನ ಕಡೆ ಹೋದರೆ ನಡುನಡುವೆ ನಾಲ್ಕು ಮಲಯಾಳಂ ಮಾತೂ ಉದುರಿಸುತ್ತಿದ್ದೆ. ಇಷ್ಟು ಭಾಷೆಯಲ್ಲಿ ಕೂಗಿದರೂ ಜನ ಕೇಳುತ್ತಿದ್ದುದು ಒಂದೇ ಪ್ರಶ್ನೆ. ಸೋಲೂರಿನಲ್ಲಿ 'ಅನ್ಬಾರ್ಂದ ತಾಯ್ಮಾರ್ಗಳೇ', ಪ್ರೀತಿಯ ತಾಯಂದಿರೇ, ಅಂತ ತಮಿಳಿನಲ್ಲಿ ಶುರುಮಾಡಿದರೆ ಸಾಕು, ಟೀ ಸೊಪ್ಪಿನ ಬುಟ್ಟಿ ಹೊತ್ತು ನಿಂತ ಹೆಂಗಸರು ಎಲೆಕ್ಷನ್ ಬಂತಾ ಅಂತ ವಿಚಾರಿಸುತ್ತಿದ್ದರು. ಇಲ್ಲ, ಪಿಂಚಣಿ, ಅಂದರೆ 'ಹಾಗಾದರೆ ಎಲೆಕ್ಷನ್ ಹತ್ತಿರ ಬಂತು' ಅಂತ ಹೊರಟುಬಿಡುತ್ತಿದ್ದರು. ನಾನಾದರೂ ಏನು ಹೇಳಲಿ, ಅವರು ಹೇಳಿದ್ದು ಬಹುಪಾಲು ನಿಜವಾಗುತ್ತಿತ್ತು.

ಬಾಯಿಂದ ಹೇಳಿದ್ದು ಸಾಲದು ಅಂತ ತಗಡಿನ ಬೋರ್ಡುಗಳೂ ಇದ್ದವು. ಬಸ್ ಸ್ಟ್ಯಾಂಡು, ಚೆಕ್‌ಪೋಸ್ಟು, ತಿರುವುಗಳಲ್ಲಿ ಎರಡು ಕಂಬ ನೆಟ್ಟು ಅದಕ್ಕೊಂದು ದೊಡ್ಡ ತಗಡು ಹೊಡೆದು ಬಣ್ಣದಲ್ಲಿ ಬರೆಸುವುದು. ನಮ್ಮ ಮಸಿನಗುಡಿಯ ಕಡೆ ಈ ಬೋರ್ಡುಗಳ ಆಯುಷ್ಯ ಕಡಿಮೆ. ಆನೆಗೆ ಬೆನ್ನು ತುರಿಸಿದರೆ ಉಜ್ಜಿಕೊಳ್ಳಲು ಆ ಕಂಬವೇ ಬೇಕು. ಕಂಬ ಒರಗಿದ ಮಾರನೆಯ ಬೆಳಿಗ್ಗೆ ತಗಡು ಮಾಯವಾಗಿರುತ್ತಿತ್ತು. ಒಂದು ಕೊಟ್ಟಿಗೆಗೆ ಹೆರಿಗೆ ನೆರವಿನ ಬೋರ್ಡೇ ಬಾಗಿಲು, ಇನ್ನೊಂದಕ್ಕೆ ಮದುವೆ ನೆರವಿನದು ಸೂರು. ಸರ್ಕಾರದ ಯೋಜನೆಗಳಿಂದ ನಮ್ಮೂರಿಗೆ ನೇರವಾಗಿ ತಲುಪಿದ ಲಾಭ ಅಂದರೆ ಆ ತಗಡು. ಅದಕ್ಕೆ ಅರ್ಜಿಯೂ ಬೇಕಿರಲಿಲ್ಲ.

ಮಸಿನಗುಡಿಯಲ್ಲಿ ನನ್ನ ಚಿಕ್ಕವ್ವ ಇದ್ದಳು, ನಮ್ಮ ಅವ್ವನ ತಂಗಿ. ನಾನು ಮೊಣಕಾಲೂರುವ ವಯಸ್ಸಿನಲ್ಲೇ ಅವ್ವ ತೀರಿಕೊಂಡಳು. ಗಂಡ ಸತ್ತು, ಮಕ್ಕಳಿಲ್ಲದೆ ಒಂಟಿಯಾಗಿದ್ದ ಚಿಕ್ಕವ್ವ ನನ್ನನ್ನು ಎತ್ತಿಕೊಂಡು ಹೋಗಿ ಸಾಕಿದಳು. ಅವಳ ಬದುಕು ಸಗಣಿಯದು. ಇದನ್ನು ಕೇಳಿ ಮೂಗು ಮುರಿಯಬೇಡಿ. ನಮ್ಮೂರಲ್ಲಿ ಹಾಲಿಗಿಂತ ಸಗಣಿಗೆ ಗಿರಾಕಿ ಜಾಸ್ತಿ. ಕಾಡಿಗೆ ಮೇಯಲು ಹೋಗಿ ಬರುವ ದನದ ದೊಡ್ಡಿಗಳಲ್ಲಿ ಅದನ್ನು ಬಾಚಿ, ಒಣಗಿಸಿ, ರಾಶಿ ಹಾಕಿದರೆ ಎಸ್ಟೇಟಿನವರೂ ಕೇರಳದವರೂ ಲಾರಿ ತಂದು ತುಂಬಿಸಿಕೊಂಡು ಹೋಗುತ್ತಿದ್ದರು. ಚಿಕ್ಕವ್ವ ಬೇರೆಯವರ ದೊಡ್ಡಿಗಳಲ್ಲಿ ಬುಟ್ಟಿ ಹೊತ್ತು ನನ್ನನ್ನು ಓದಿಸಿದವಳು. ಓದಿ ನಾನು ಮೈಕು ಹಿಡಿದೆ. ಅವಳಿಗೆ ಅದೇ ದೊಡ್ಡ ಹೆಮ್ಮೆ.

ಜೀಪು ಅವಳ ಬೀದಿಗೆ ಹೋದಾಗಲೆಲ್ಲ ನಾನು ಏನು ಕೂಗುತ್ತಿದ್ದೇನೆ ಅಂತ ಅವಳು ಒಂದು ದಿನವೂ ಕೇಳಿಸಿಕೊಂಡಿರಲಿಲ್ಲ. ಗಂಟಲು ಹೇಗಿದೆ ಅಂತ ಮಾತ್ರ ಕೇಳಿಸಿಕೊಳ್ಳುತ್ತಿದ್ದಳು. ಒಂದು ಲೋಟ ಮೆಣಸಿನ ಕಷಾಯ ಹಿಡಿದು ಜೀಪಿಗೆ ಅಡ್ಡ ನಿಂತರೆ ಆನೆಗೆ ನಿಲ್ಲಿಸದ ನಮ್ಮ ಡ್ರೈವರೂ ಬ್ರೇಕು ಹಾಕಬೇಕು. ಹಾಗೆ ನಿಲ್ಲಿಸಿದ ಒಂದು ದಿನ ಮೊದಲ ಸಲ ವಿಚಾರಿಸಿದಳು.

"ಏನಂತ ಮಗ ಹಿಂಗ್ ಕಿರುಚ್ಕೊಂಡ್ ಓಡಾಡ್ತೀಯ? ಗಂಟ್ಲು ಹರ್ದೋಯ್ತದೆ."

"ವಯಸ್ಸಾದೋರ್ಗೆ ಸರ್ಕಾರ ತಿಂಗ್ಳು ತಿಂಗ್ಳು ದುಡ್ಡು ಕೊಡ್ತದೆ ಚಿಕ್ಕವ್ವ. ಕೈಲಾಗದ ಬಡವ್ರಿಗೆ."

"ಕೊಡ್ಲಿ, ಪಾಪ. ಮೂಲೆಮನೆಯವ್ಳಿಗೆ ಹೇಳು. ಈ ಬೀದೀಲಿ ಬಡವ್ರು ಅಂದ್ರೆ ಅವ್ಳೆಯ."

ಮೈಕು ಆಫ್ ಮಾಡುವುದನ್ನು ನಾನು ಮರೆತಿದ್ದೆ. ಅವಳ ಮಾತು ಎರಡು ಲೌಡ್‌ಸ್ಪೀಕರಿನಿಂದ ಇಡೀ ಬೀದಿಗೆ, ಅದರಾಚೆಯ ಬೀದಿಗೆ, ಸಗಣಿ ತುಂಬುತ್ತಿದ್ದ ಲಾರಿಯವರಿಗೂ ಕೇಳಿಸಿತು. ಮೂಲೆಮನೆಯ ಹೆಂಗಸು ಬಾಗಿಲಿಗೆ ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ನಮ್ಮ ಏಳು ತಲೆಮಾರಿನ ದಾರಿದ್ರ್ಯವನ್ನು ಒಂದೊಂದಾಗಿ ಹೇಳಿದಳು. ಅವಳಿಗೆ ಮೈಕು ಬೇಕಾಗಲಿಲ್ಲ. ಅಲ್ಲಿಂದಾಚೆಗೆ ಎರಡು ಮನೆಗಳ ನಡುವೆ ಮಾತಿಲ್ಲ.

ಆ ಮಳೆಗಾಲದಲ್ಲಿ ಚಿಕ್ಕವ್ವ ಬುಟ್ಟಿಯ ಸಮೇತ ದೊಡ್ಡಿಯಲ್ಲಿ ಜಾರಿ ಬಿದ್ದಳು. ಮೊಣಕಾಲು ಊದಿತು, ಇಳಿಯಿತು, ಆದರೆ ಮೊದಲಿನಂತಾಗಲಿಲ್ಲ. ಇನ್ನು ಭಾರ ಹೊರಕೂಡದು ಅಂತ ಡಾಕ್ಟರು ಹೇಳಿದರು. ಬುಟ್ಟಿ ಇಳಿಸಿದರೆ ಅವಳಿಗೆ ಊಟವಿಲ್ಲ. ನಾನು ಊಟಿಗೆ ಕರೆದುಕೊಂಡು ಹೋದೆ. ಅಲ್ಲಿ ನನ್ನದು ಒಂದೇ ಕೋಣೆಯ ಬಾಡಿಗೆ ಮನೆ. ಅದರೊಳಗೆ ನಾನು, ಹೆಂಡತಿ, ಎರಡು ಮಕ್ಕಳು, ಸೀಮೆಎಣ್ಣೆ ಸ್ಟೌವಿನ ವಾಸನೆ. ಚಿಕ್ಕವ್ವ ಮನೆಯಲ್ಲಿದ್ದ ಕಂಬಳಿಯನ್ನೆಲ್ಲ ಹೊದ್ದು, ಅದರ ಮೇಲೆ ಮಕ್ಕಳ ಸ್ವೆಟರನ್ನೂ ತಲೆಗೆ ಕಟ್ಟಿಕೊಂಡು ಮೂಲೆಯಲ್ಲಿ ಕೂತಳು. ಕೊಬ್ಬರಿ ಎಣ್ಣೆ ಬಾಟಲಿಯಲ್ಲಿ ಕಲ್ಲಾಗಿದ್ದನ್ನು ನೋಡಿ ಗಾಬರಿಯಾದಳು.

"ಎಣ್ಣೆನೇ ಹಿಂಗ್ ಆಗೋಯ್ತದೆ, ನಾನ್ ಏನಾದೇನು? ನನ್ನೂರ್ಗೆ ಬುಟ್ಬುಡು ಮಗ. ಅರ್ಧ ಹೊಟ್ಟೆ ಉಂಡ್ರೂ ನನ್ ಒಲೆ ಮುಂದೆ ಉಣ್ತೀನಿ."

ಮೊದಲ ಬಸ್ಸಿಗೆ ಹೊರಟುಬಿಟ್ಟಳು. ಕುಂಟುತ್ತಲೇ ಮತ್ತೆ ಬುಟ್ಟಿ ಹೊತ್ತಳು. ನನಗೆ ಆಗ ಬುದ್ಧಿ ಬಂತು. ಇಡೀ ಜಿಲ್ಲೆಗೆ ಪಿಂಚಣಿ ಪಿಂಚಣಿ ಅಂತ ಅರಚುವವನ ಮನೆಯಲ್ಲಿ, ದೀಪದ ಬುಡದಲ್ಲಿ ಕತ್ತಲೆ ಅಂದ ಹಾಗೆ, ಸಾಕಿದವಳು ಸಗಣಿ ಹೊರುತ್ತಿದ್ದಾಳೆ. ಪಿಂಚಣಿ ಬಂದರೆ ಅವಳು ತನ್ನ ಗುಡಿಸಲಲ್ಲಿ, ತನ್ನ ಒಂದು ಹಸುವಿನ ಜೊತೆ, ತನ್ನ ಒಲೆಯ ಮುಂದೆ ಇರಬಹುದು. ಬಾರದಿದ್ದರೆ ಊಟಿಯ ಮೂಲೆ. ಸರ್ಕಾರದ ನಿಯಮ ನನಗೆ ಬಾಯಿಪಾಠ. ವಯಸ್ಸಾಗಿರಬೇಕು, ಆಗಿದೆ. ಬೆಳೆದ ಮಗನಿರಬಾರದು, ಹೆತ್ತವಳೇ ಅಲ್ಲ. ನೋಡಿಕೊಳ್ಳುವವರು ಇರಬಾರದು. ನಾನು ನೋಡಿಕೊಳ್ಳುತ್ತಿದ್ದ ಚೆಂದ ನಿಮಗೆ ಗೊತ್ತೇ ಆಯಿತಲ್ಲ. ಅರ್ಜಿ ಹಾಕಿಸಿದೆ. ಪರಿಶೀಲನೆಗೆ ತಾಲೂಕು ಆಫೀಸಿನ ಇನ್ಸ್‌ಪೆಕ್ಟರು ಮನೆಗೇ ಬರುತ್ತಾರೆ ಅಂತ ತಿಳಿಯಿತು. ಇದನ್ನು ಚಿಕ್ಕವ್ವನಿಗೆ ಹೇಳಿ ನಾನು ಗೂಡಲೂರಿನ ಕಡೆ ಕೂಗಲು ಹೋದೆ. ಅಲ್ಲೇ ತಪ್ಪಿದ್ದು.

ಆಫೀಸರು ಮನೆಗೆ ಬರುತ್ತಾರೆ ಅಂದರೆ ನಮ್ಮ ಜನಕ್ಕೆ ಒಂದೇ ಅರ್ಥ: ಅತಿಥಿ ಬರುತ್ತಾರೆ. ಬಂದವರ ಮುಂದೆ ಮನೆಯ ಮಾನ ಹೋಗಬಾರದು. ಚಿಕ್ಕವ್ವನ ಮಾನ ಅಂದರೆ ಬೀದಿಯ ಮಾನ. ಹೆಣ್ಣು ನೋಡಲು ಬರುವವರಿಗೆ ಸಜ್ಜಾದ ಹಾಗೆ ಬೀದಿಯೇ ಸಜ್ಜಾಯಿತು. ಒಬ್ಬರು ಎರಡು ಕುರ್ಚಿ ಕೊಟ್ಟರು, ಒಬ್ಬರು ಹಿತ್ತಾಳೆಯ ಹಂಡೆ, ಇನ್ನೊಬ್ಬರು ಗೋಡೆಯ ಗಡಿಯಾರ. ಮಾತು ಬಿಟ್ಟಿದ್ದ ಮೂಲೆಮನೆಯವಳು ತನ್ನ ಮದುವೆಯ ರೇಷ್ಮೆ ಸೀರೆಯನ್ನೂ ಕತ್ತಿನ ಸರವನ್ನೂ ತಂದು, ಮಾತಾಡದೆಯೇ ಚಿಕ್ಕವ್ವನಿಗೆ ಉಡಿಸಿ ಹಾಕಿದಳಂತೆ. ಆಮೇಲೆ ಬಾಗಿಲಲ್ಲಿ ನಿಂತು, "ಈ ಬೀದೀಲಿ ಯಾರು ಬಡವ್ರು ಅಂತ ಆ ಆಫೀಸರೇ ನೋಡ್ಲಿ" ಅಂದಳಂತೆ. ತನಗೆ ಕೊಟ್ಟಿದ್ದ ಬಡವಳೆಂಬ ಬಿರುದನ್ನು, ಸೀರೆ ಸರ ಎರವಲು ಕೊಟ್ಟು, ಅವಳು ಹಾಗೆ ವಾಪಸು ಮಾಡಿದಳು.

ಇನ್ಸ್‌ಪೆಕ್ಟರು ಒಳ್ಳೆಯ ಮನುಷ್ಯ. ಉಪ್ಪಿಟ್ಟು ತಿಂದರು, ಕೇಸರಿಬಾತ್ ತಿಂದರು, ಗಡಿಯಾರ ನೋಡಿದರು, ಹಂಡೆ ನೋಡಿದರು, ಸರ ನೋಡಿದರು. ಕೊನೆಗೆ, ಅಜ್ಜಿಯನ್ನು ತಮಿಳರ ಹಾಗೆ ಪಾಟಿ ಅಂತ ಕರೆದು, ಕೇಳಲೇಬೇಕಾದ ಪ್ರಶ್ನೆ ಕೇಳಿದರು.

"ಪಾಟೀ, ನಿಮ್ಮನ್ನ ನೋಡ್ಕೊಳ್ಳೋರು ಯಾರಾದ್ರೂ ಇದ್ದಾರಾ?"

"ಯಾಕ್ ಸಾಮಿ ಇಲ್ದೆ? ಸಿಂಹದಂಥ ಮಗ ಅವ್ನೆ. ಸರ್ಕಾರದ ಕೆಲ್ಸ. ಜೀಪಲ್ಲೇ ಓಡಾಡೋದು."

ಆಗಲೇ ನಾನು ಬಂದೆ. ಜೀಪಿನಲ್ಲಿ. ಇವತ್ತೊಂದು ದಿನ ತಡವಾಗಬಾರದು ಅಂತ ಡ್ರೈವರನನ್ನು ಬೇಡಿಕೊಂಡು, ತೆಪ್ಪಕಾಡಿನಿಂದ ಓಡಿಸಿಕೊಂಡು, ಹಾರ್ನ್ ಬಾರಿಸುತ್ತ ಬಂದೆ. ಇನ್ಸ್‌ಪೆಕ್ಟರು ಎದ್ದು ನಿಂತು ನನ್ನ ಕೈ ಕುಲುಕಿದರು. 'ತಾಯಿಯನ್ನು ಚೆನ್ನಾಗಿ ಇಟ್ಟಿದ್ದೀರಿ ಸಾರ್' ಅಂದರು. ಹೊರಡುವಾಗ ಇನ್ನೊಂದಿಷ್ಟು ಕೇಸರಿಬಾತ್ ಕಟ್ಟಿಸಿಕೊಂಡರು. ಅರ್ಜಿ ವಜಾ ಆಯಿತು. ಕಾರಣ: ಸರ್ಕಾರಿ ನೌಕರಿಯಲ್ಲಿರುವ ಮಗನಿದ್ದಾನೆ, ವಾಹನವಿದೆ.

ನಾನು ಕೂಗಾಡಿದೆ. ಕೂಗುವುದು ನನ್ನ ವೃತ್ತಿಯಾದರೂ ಅವತ್ತಿನದು ಬಿಟ್ಟಿ ಕೂಗಾಟ.

"ಯಾರೂ ಇಲ್ಲ ಅಂತ ಒಂದ್ ಮಾತು ಅಂದಿದ್ರೆ ಆಗಿರೋದು ಚಿಕ್ಕವ್ವ. ಒಂದೇ ಒಂದ್ ಮಾತು."

"ಬುಡ್ತು ಅನ್ನು."

"ಸರ್ಕಾರದ ಲೆಕ್ಕದಲ್ಲಿ ನಾನ್ ನಿನ್ ಮಗ ಅಲ್ಲ. ನೀನ್ ಹೆತ್ತಿಲ್ಲ. ಸುಳ್ಳು ಹೇಳ್ದಂಗೂ ಆಗಲ್ಲ."

"ಮೊದ್ಲು ಬುಡ್ತು ಅನ್ನು ಅಂದೆ. ಗುಂಡುಕಲ್ಲಿನಂಗೆ ನೀನು ಕುಂತಿರೋವಾಗ ಯಾರೂ ಇಲ್ಲ ಅಂತ ಹೆಂಗ್ ಅನ್ನಲಿ? ಬಾಯಲ್ಲಿ ಬಂದ್ರೆ ಆಗೋಯ್ತದೆ ಕನಪ್ಪ. ನಿಮ್ಮವ್ವ ನಿನ್ನ ನನ್ ಮಡ್ಲಿಗೆ ಹಾಕಿ ಹೋದ್ಲು. ಅವ್ಳು ಕೇಳಿಸ್ಕೊಂಡ್ರೆ ಏನ್ ಅನ್ಕೊಂಡಾಳು?"

ಸತ್ತವಳು ಕೇಳಿಸಿಕೊಳ್ಳುತ್ತಾಳೆ, ಬದುಕಿರುವ ಇನ್ಸ್‌ಪೆಕ್ಟರಿಗೆ ಕೇಳಿಸಬಾರದ್ದೆಲ್ಲ ಕೇಳಿಸುತ್ತದೆ. ನಾನು ಬುಡ್ತು ಅಂದು ಕಷಾಯ ಕುಡಿದು ಹೊರಟೆ.

ಆ ವರ್ಷ ಮಾರ್ಚಿ ಹತ್ತಿರ ಬಂದಾಗ ನಮ್ಮ ಪ್ರಚಾರದ ಆಫೀಸರಿಗೆ ಒಂದು ಸಂಕಟ ಬಂತು. ಆತ ಬಯಲು ಸೀಮೆಯಿಂದ ವರ್ಗವಾಗಿ ಬಂದವರು. ಬಿಸಿಲು ಸುಡುವ ಮಸಿನಗುಡಿಯಲ್ಲೂ ಮಂಕಿ ಟೋಪಿ ತೆಗೆಯುತ್ತಿರಲಿಲ್ಲ. ಪ್ರಚಾರಕ್ಕೆ ಬಂದ ಹಣ ಮಾರ್ಚಿಯೊಳಗೆ ಖರ್ಚಾಗದಿದ್ದರೆ ವಾಪಸು ಹೋಗುತ್ತದೆ, ವಾಪಸು ಹೋದರೆ ಮುಂದಿನ ವರ್ಷ ಬರುವುದಿಲ್ಲ. ಪಿಂಚಣಿಯ ಹಣ ಸಾಲದೆ ಹೊಸ ಅರ್ಜಿಗಳನ್ನು ನಿಲ್ಲಿಸಿದ್ದರು. ಪಿಂಚಣಿ ಕೊಡುತ್ತೇವೆ ಅಂತ ಹೇಳುವ ಹಣ ಮಾತ್ರ ಖರ್ಚಾಗದೆ ಕೊಳೆಯುತ್ತಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ಆಫೀಸರು ಜಿಲ್ಲೆಯ ತುಂಬ ಹೊಸ ಬೋರ್ಡು ಹಾಕಿಸುವುದೆಂದು ನಿರ್ಧರಿಸಿದರು. ಅದಕ್ಕೆ ಬೆಟ್ಟದ ಕಡೆಯ ನಗುವ ಮುದುಕಿ ಬೇಕು. ಅವರೇ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ನಮ್ಮ ಜೀಪು ಹತ್ತಿದರು.

ಕೆತ್ತಿಯಲ್ಲಿ ಸಿಕ್ಕವರು ನಗಲಿಲ್ಲ. ಸೋಲೂರಿನವರು ನಕ್ಕರು, ಹಲ್ಲಿರಲಿಲ್ಲ. ಮಸಿನಗುಡಿಯಲ್ಲಿ ಚಿಕ್ಕವ್ವ ಕಷಾಯದ ಲೋಟ ಹಿಡಿದು ಜೀಪಿಗೆ ಅಡ್ಡ ನಿಂತಳು. 'ಇವರೇ' ಅಂದರು ಆಫೀಸರು.

"ಸಾರ್, ಇವರಿಗೆ ಪಿಂಚಣಿ ಬರುತ್ತಿಲ್ಲ. ಅರ್ಜಿ ವಜಾ ಆಗಿದೆ."

"ಫೋಟೋಗೆ ಪಿಂಚಣಿ ಯಾಕಪ್ಪ? ನಗು ಬಂದರೆ ಸಾಕು."

ನಗು ಬರಲಿಲ್ಲ. ದುಡ್ಡು ಬಂದ ಹಾಗೆ ನಗಿ ಅಂತ ಆಫೀಸರು ತಮ್ಮ ಜೇಬಿನ ನೋಟುಗಳನ್ನೇ ಅವಳ ಕೈಗೆ ಕೊಟ್ಟರು. ಇದು ತನಗಾ ಅಂತ ಅವಳು ನನ್ನನ್ನು ಕೇಳಿದಳು. ಅಲ್ಲ, ಫೋಟೋಗೆ, ಅಂದೆ. ಅವಳ ಮುಖ ಇನ್ನಷ್ಟು ಬಿಗಿಯಾಯಿತು. ಆಫೀಸರು ಕಣ್ಣಿಗೆ ಕ್ಯಾಮೆರಾ ಇಟ್ಟುಕೊಂಡೇ ಒಂದೊಂದು ಹೆಜ್ಜೆ ಹಿಂದಕ್ಕೆ ಹೋದರು. ಹಿಂದೆ ಲಾರಿಗೆ ತುಂಬಲು ಇಟ್ಟಿದ್ದ ಹಸಿ ಸಗಣಿಯ ರಾಶಿ ಇತ್ತು. ಸಾರ್ ಸಾರ್ ಅನ್ನುವಷ್ಟರಲ್ಲಿ ಮೊಣಕಾಲುದ್ದ ಒಳಗೆ ಹೋಗಿದ್ದರು. ಚಿಕ್ಕವ್ವನಿಗೆ ಒಳಗಿಂದ ನಗು ಉಕ್ಕಿತು. ಆಫೀಸರ ಕರ್ತವ್ಯನಿಷ್ಠೆಯನ್ನು ಮೆಚ್ಚಬೇಕು, ಸಗಣಿಯಲ್ಲಿ ನಿಂತೇ ಕ್ಲಿಕ್ ಮಾಡಿದರು. ಆಮೇಲೆ ನೋಟುಗಳನ್ನು ವಾಪಸು ಇಸಿದುಕೊಂಡು ಜೀಪು ಹತ್ತಿದರು. ಮಸಿನಗುಡಿಯಿಂದ ಊಟಿಯವರೆಗೆ ಡ್ರೈವರು ಕಿಟಕಿಯಿಂದ ತಲೆ ಒಳಗೆ ಹಾಕಲಿಲ್ಲ.

ಬೋರ್ಡುಗಳು ಎದ್ದವು. ಊಟಿಯ ತಾಲೂಕು ಆಫೀಸಿನ ಎದುರು, ಗೂಡಲೂರು ಬಸ್ ಸ್ಟ್ಯಾಂಡಿನಲ್ಲಿ, ಹುಬ್ಬತಲೈ ಕಡೆಯ ತಿರುವಿನಲ್ಲಿ, ಎಲ್ಲಿ ನೋಡಿದರೂ ನೋಟು ಹಿಡಿದು ನಗುವ ಚಿಕ್ಕವ್ವ. ಕೆಳಗೆ ತಮಿಳಿನಲ್ಲಿ, ಇನ್ನು ನನಗೆ ಚಿಂತೆಯಿಲ್ಲ ಅನ್ನುವ ಅರ್ಥದ ಸಾಲು. ಆ ನಗು ಪಿಂಚಣಿಯದು ಅಂತ ಇಡೀ ಜಿಲ್ಲೆ ನಂಬಿತು. ಗುಂಡ್ಲುಪೇಟೆಯಿಂದ ಯಾರೋ ದೂರದ ನೆಂಟರು ಬಸ್ಸಿನಿಂದ ನೋಡಿ, ಇಳಿದು, ಹುಡುಕಿಕೊಂಡು ಬಂದು ಸಾಲ ಕೇಳಿದರು. ಮೂಲೆಮನೆಯವಳು ಮತ್ತೆ ಬಾಗಿಲಿಗೆ ಬಂದಳು. 'ಅವತ್ತು ಆಫೀಸರ್ ಮುಂದೆ ಉಟ್ಟ ಸೀರೆ ನಂದು, ಸರ ನಂದು, ದುಡ್ಡು ಮಾತ್ರ ಇವ್ಳಿಗಾ' ಅಂತ ಕೇಳಿದಳು. ಪಾಪ, ಅವಳದೂ ನ್ಯಾಯವೇ.

ನಾನು ಎರಡನೇ ಸಲ ಅರ್ಜಿ ತೆಗೆದುಕೊಂಡು ಹೋದೆ. ಕ್ಲರ್ಕು ಹೆಸರು ನೋಡಿದ, ಊರು ನೋಡಿದ, ಕಿಟಕಿಯಿಂದ ಆಚೆ ಬೆರಳು ತೋರಿಸಿದ.

"ಇವರೇ ಅಲ್ವಾ ಅವರು? ಒಬ್ಬರಿಗೆ ಎರಡು ಪಿಂಚಣಿ ಕೊಡೋಕೆ ಬರಲ್ಲ."

"ಒಂದೂ ಬರ್ತಿಲ್ಲ ಸಾರ್."

"ಹಾಗಾದ್ರೆ ಸರ್ಕಾರ ಸುಳ್ಳು ಬೋರ್ಡು ಹಾಕಿದೆ ಅಂತಿದ್ದೀಯಾ? ಬರೆದುಕೊಡು."

ಬರೆದುಕೊಡಲು ನನಗೇನು ಹುಚ್ಚೇ? ಆ ಬೋರ್ಡಿನ ಕಂಬಕ್ಕೆ ಮಣ್ಣು ತುಂಬಿದವನೇ ನಾನು. ಮಧ್ಯಾಹ್ನ ಜೀಪು ಹತ್ತಿ, ಅರ್ಹರೆಲ್ಲರೂ ಇಂದೇ ಅರ್ಜಿ ಸಲ್ಲಿಸಿ ಅಂತ ಊಟಿಯ ಚಾರಿಂಗ್ ಕ್ರಾಸ್ ಸರ್ಕಲ್ಲಿನಲ್ಲಿ ಕೂಗಿದೆ.

ಚಿಕ್ಕವ್ವನನ್ನು ಒಂದು ಸಲ ಗೂಡಲೂರಿಗೆ ಕಾಲು ತೋರಿಸಲು ಕರೆದುಕೊಂಡು ಹೋಗಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಅವಳು ತನ್ನ ಬೋರ್ಡಿನ ಕೆಳಗೆ ನಿಂತು ಬಹಳ ಹೊತ್ತು ತಲೆಯೆತ್ತಿ ನೋಡಿದಳು.

"ಈ ತಗಡಿಗೆ ಏಸಾಯ್ತು ಮಗ?"

ನನಗೆ ಗೊತ್ತಿದ್ದಷ್ಟು ಅಂದಾಜು ಹೇಳಿದೆ. ಅವಳು ಬಾಯಲ್ಲೇ ಏನೋ ಲೆಕ್ಕ ಹಾಕಿದಳು.

"ಮೂಲೆಮನೆಯವ್ಳಿಗೂ ಸೇರ್ಸಿ ಕೊಡ್ಬೋದಿತ್ತಲ್ಲ," ಅಂದಳು.

ವರ್ಷ ಮುಗಿಯುವ ಹೊತ್ತಿಗೆ ಬುಟ್ಟಿ ಹೊರುವುದು ಅವಳ ಕೈಲಾಗಲಿಲ್ಲ. ಕಾಲು ಮಡಚಿದರೆ ನೆಟ್ಟಗಾಗದು, ನೆಟ್ಟಗಿದ್ದರೆ ಮಡಚದು. ಪೊಂಗಲ್ ಮುಗಿಸಿ ಊಟಿಗೆ ಬರುವುದು ಅಂತಾಯಿತು. ಅವಳೇ ಒಪ್ಪಿದಳು. ಹಸುವಿಗೆ ಗಿರಾಕಿ ಗೊತ್ತಾದ. ಗುಡಿಸಲಿನ ಪಾತ್ರೆಗಳನ್ನು ಯಾರ್ಯಾರಿಗೆ ಕೊಡುವುದು ಅಂತ ಅವಳು ಬೀದಿಯವರಿಗೆ ಹೇಳತೊಡಗಿದಳು. ನನ್ನ ಹತ್ತಿರ ಮಾತ್ರ ಕೇಳಿದ್ದು ಒಂದೇ. "ಅಲ್ಲಿ ಬಿಸ್ಲು ಬರೋ ಜಾಗ ಎಲ್ಲಾರ ಅದಾ ಮಗ?" ನಮ್ಮ ಕೋಣೆಗೆ ಬಿಸಿಲು ಬರುವ ಕಿಟಕಿಯೇ ಇರಲಿಲ್ಲ. ಇದೆ ಅಂದೆ.

ಆಗ ಚೆನ್ನೈಯಿಂದ ದೊಡ್ಡ ಆಫೀಸರೊಬ್ಬರು ಪ್ರಚಾರದ ಕೆಲಸ ನೋಡಲು ಬರುತ್ತಾರೆ ಅಂತ ಸುದ್ದಿ ಬಂತು. ಬೋರ್ಡಿನ ಫೋಟೋ ಅವರಿಗೆ ಬಹಳ ಹಿಡಿಸಿದೆಯಂತೆ. ಆ ತಾಯಿಯನ್ನು ಕಂಡು ಮಾತಾಡಿಸಬೇಕು ಅಂದರಂತೆ. ನಮ್ಮ ಆಫೀಸರು ಮೊದಲ ಸಲ ಮಂಕಿ ಟೋಪಿ ತೆಗೆದರು, ಬೆವತಿದ್ದರು. ಬೋರ್ಡು ಕೀಳಿಸೋಣ ಅಂದರೆ ಜಿಲ್ಲೆಯ ತುಂಬ ಇವೆ. ಮುದುಕಿಯೋ ಒಬ್ಬಳೇ. ಅಷ್ಟು ಬೋರ್ಡನ್ನು ಸುಳ್ಳು ಅನ್ನುವುದಕ್ಕಿಂತ ಒಬ್ಬ ಮುದುಕಿಯನ್ನು ನಿಜ ಮಾಡುವುದು ಸುಲಭ ಅಂತ ತೀರ್ಮಾನವಾಯಿತು. ತಿಂಗಳುಗಟ್ಟಲೆ ಕದಲದ ಫೈಲು ಮೇಜಿನಿಂದ ಮೇಜಿಗೆ ಓಡತೊಡಗಿತು. ಇನ್ಸ್‌ಪೆಕ್ಟರು ಮತ್ತೊಮ್ಮೆ ಮನೆಗೆ ಹೋಗಿ ವರದಿ ಬರೆದರೆ ಮುಗಿಯಿತು.

ನಾನು ಹಿಂದಿನ ದಿನವೇ ಮಸಿನಗುಡಿಗೆ ಓಡಿದೆ. ಕುರ್ಚಿ ಬೇಡ, ಹಂಡೆ ಬೇಡ, ಕೇಸರಿಬಾತ್ ಮಾಡಿದರೆ ನಾನು ಮತ್ತೆ ಈ ಮನೆಗೆ ಕಾಲಿಡುವುದಿಲ್ಲ ಅಂದೆ. ಬಂದವರಿಗೆ ಒಂದು ಲೋಟ ನೀರೂ ಕೊಡಬಾರದಾ ಅಂತ ಅವಳು ನೊಂದುಕೊಂಡಳು. ನೀರು ಕೊಡು ಅಂದೆ. ಆಮೇಲೆ ಆ ಮಾತು ತೆಗೆದೆ.

"ಯಾರಾದ್ರೂ ಅವ್ರಾ ಅಂತ ಕೇಳ್ತಾರೆ. ಏನಂತೀಯ?"

ಅವಳು ಒಲೆ ಊದುತ್ತಿದ್ದಳು.

"ಇಲ್ಲ ಅನ್ಬೇಕು ಚಿಕ್ಕವ್ವ. ಅಂದ್ರೆ ಈ ಒಲೆ ಮುಂದೆ ಇರ್ತೀಯ. ಅನ್ನದಿದ್ರೆ ಪೊಂಗಲ್ ಆದ್ಮೇಲೆ ಊಟಿ."

ಬೂದಿ ಹಾರಿ ಕಣ್ಣಿಗೆ ಬಿತ್ತು ಅಂತ ಸೆರಗಿನಿಂದ ಒರೆಸಿಕೊಂಡಳು.

ಮಾರನೆಯ ದಿನ ಇನ್ಸ್‌ಪೆಕ್ಟರು ಬಂದರು. ಬಂದದ್ದು ನಮ್ಮ ಪ್ರಚಾರದ ಜೀಪಿನಲ್ಲೇ. ಮೈಕಿನವನೂ ಇರಬೇಕು ಅಂತ ಆಫೀಸರ ಆರ್ಡರು. ಹಾಗಾಗಿ ನಾನು ಬಾಗಿಲ ಹತ್ತಿರ ಬೇರೆ ಯಾರೋ ಆಗಿ ನಿಂತೆ. ಚಿಕ್ಕವ್ವ ಹರಕು ಸೀರೆಯುಟ್ಟು ಹೊಸ್ತಿಲೊಳಗೆ ಕೂತಿದ್ದಳು. ಮೂಲೆಮನೆಯವಳು ತನ್ನ ಬಾಗಿಲಲ್ಲಿ ನಿಂತಿದ್ದಳು, ಈ ಸಲ ಬಾಯಿ ಬಿಡಲಿಲ್ಲ. ಇನ್ಸ್‌ಪೆಕ್ಟರಿಗೆ ಎಲ್ಲ ಗೊತ್ತಿತ್ತು. ಆದರೂ ರೂಲ್ಸು ರೂಲ್ಸೇ. ಗಂಟಲು ಸರಿಮಾಡಿಕೊಂಡು ಕೇಳಿದರು.

"ಪಾಟೀ, ನಿಮಗೆ ಯಾರಾದ್ರೂ ಇದ್ದಾರಾ?"

ಚಿಕ್ಕವ್ವ ಅವರ ಮುಖವನ್ನೇ ನೋಡಿದಳು.

"ಇಲ್ಲ ಸಾಮಿ. ಯಾರೂ ಇಲ್ಲ."

ಇನ್ಸ್‌ಪೆಕ್ಟರು ಬರೆದುಕೊಂಡರು. ಹೋದ ಸಲದ ವರದಿ ಅವರೇ ಬರೆದದ್ದು, ಅದನ್ನು ಸರಿಮಾಡಬೇಕಿತ್ತೇನೋ, ಪೆನ್ನಿನ ತುದಿಯಿಂದ ನನ್ನನ್ನು ತೋರಿಸಿದರು.

"ಇವರು?"

"ಮೈಕ್‌ನೋರು ಸಾಮಿ. ಆಫೀಸ್ ಜೀಪಲ್ಲಿ ಬಂದವ್ರೆ. ನಂಗೆ ಏನೂ ಆಗ್ಬೇಕಿಲ್ಲ."

ತಡವರಿಸಲಿಲ್ಲ, ಕಣ್ಣು ತಗ್ಗಿಸಲಿಲ್ಲ. ಅಂಗಡಿಯವನಿಗೆ ಉಪ್ಪು ಬೇಡ ಅನ್ನುವ ಹಾಗೆ ಅಂದಳು. ನಾನೇ ಹೇಳಿಕೊಟ್ಟ ಪಾಠ. ಅದನ್ನು ಇಷ್ಟು ಚೆನ್ನಾಗಿ ಒಪ್ಪಿಸುತ್ತಾಳೆ ಅಂತ ನಾನು ಎಣಿಸಿರಲಿಲ್ಲ. ನನಗೆ ಕೆಟ್ಟ ಸಿಟ್ಟು ಬಂತು. ಒಂದು ಸಲ ಉಗುಳು ನುಂಗಬಾರದಿತ್ತೇ? ಏನೋ ನೆನಪಾದವನ ಹಾಗೆ ಹೋಗಿ ಜೀಪಿನ ಬ್ಯಾಟರಿಯ ವೈರು ಬಿಚ್ಚಿ, ಮತ್ತೆ ಕಟ್ಟಿದೆ. ಡ್ರೈವರು ಹತ್ತಿರ ಬಂದು ಬೀಡಿ ಕೊಟ್ಟ. ನಾನು ಬೀಡಿ ಸೇದುವವನಲ್ಲ, ಆದರೂ ಇಸಿದುಕೊಂಡೆ.

ಮಂಜೂರಾತಿಗೆ ಅವತ್ತು ಸಂಜೆಯೊಳಗೆ ಸಹಿ ಬಿತ್ತು. ಆ ದೊಡ್ಡ ಆಫೀಸರು ಮಸಿನಗುಡಿಗೆ ಬರಲೇ ಇಲ್ಲ. ತೆಪ್ಪಕಾಡಿನ ಆನೆ ಕ್ಯಾಂಪಿನಲ್ಲಿ ಆನೆಗೆ ಉಣ್ಣಿಸುವುದನ್ನು ನೋಡುತ್ತ ಹೊತ್ತಾಯಿತಂತೆ. ಹಾಕಿದ ಸಹಿಯನ್ನು ವಾಪಸು ತೆಗೆಯಲು ಯಾರಿಗೂ ಗೊತ್ತಾಗಲಿಲ್ಲ. ಇವೆಲ್ಲ ನನಗೆ ತಿಳಿದದ್ದು ಆಮೇಲೆ.

ಇನ್ಸ್‌ಪೆಕ್ಟರನ್ನು ಕರೆದುಕೊಂಡು ಜೀಪು ಹೊರಟಿತು. ನಾನು ಬಸ್ಸಿಗೆ ಬರುತ್ತೇನೆ ಅಂತ ಉಳಿದುಕೊಂಡೆ. ಚಿಕ್ಕವ್ವನ ಹತ್ತಿರ ಮಾತಾಡಬಾರದು ಅಂತಲೇ ಉಳಿದದ್ದು, ಮಾತಾಡುತ್ತಿಲ್ಲ ಅಂತ ಅವಳಿಗೆ ಗೊತ್ತಾಗಬೇಕಲ್ಲ. ಹೊಸ್ತಿಲು ದಾಟುತ್ತಿದ್ದಂತೆ ಅವಳು ನನ್ನ ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ಒಲೆಯ ಮುಂದೆ ಕೂರಿಸಿದಳು. ಪೂರ್ವಕ್ಕೆ ತಿರುಗು ಅಂದಳು. ಎರಡು ಮಕ್ಕಳ ತಂದೆ ನಾನು, ತಿರುಗಿದೆ. ಅವಳ ಮುಷ್ಟಿಯಲ್ಲಿ ಉಪ್ಪು, ಒಣಮೆಣಸಿನಕಾಯಿ ಇತ್ತು. ಮಡಚದ ಕಾಲಿನಲ್ಲಿ ನಿಂತೇ ನನ್ನ ನೆತ್ತಿಯಿಂದ ಪಾದದವರೆಗೆ ನೀವಾಳಿಸಿದಳು. ಆಡ್ಕೊಂಡೋರ ಕಣ್ಣು, ನೋಡ್ದೋರ ಕಣ್ಣು ಅಂತ ಶುರುಮಾಡಿ, ಕೊನೆಗೆ ದನಿ ತಗ್ಗಿಸಿ 'ನನ್ ಬಾಯಿ' ಅಂದಳು. ಮೂರು ಸಲ ಉಗಿಸಿ ಎಲ್ಲವನ್ನೂ ಬೆಂಕಿಗೆ ಹಾಕಿದಳು.

ಮೆಣಸಿನ ಘಾಟು ಗುಡಿಸಲೆಲ್ಲ ತುಂಬಿತು. ನನಗೆ ಕೆಮ್ಮು, ಕಣ್ಣಲ್ಲಿ ಧಾರಾಕಾರ ನೀರು.

"ನೋಡ್ದಾ, ಘಾಟೇ ಬರ್ಲಿಲ್ಲ. ಅಷ್ಟು ತಗುಲಿತ್ತು," ಅಂದಳು. ಅವಳ ಕಣ್ಣಲ್ಲೂ ನೀರು ಸುರಿಯುತ್ತಿತ್ತು.

"ಬುಡ್ತು ಅನ್ನು ಮಗ."

"ಬುಡ್ತು."

"ಇನ್ನೊಂದ್ ಸಲ."

ಅಂದೆ. ಅವಳು ಗೋಡೆ ಹಿಡಿದುಕೊಂಡು ನಿಧಾನಕ್ಕೆ ಕೂತಳು.

"ಇಷ್ಟಕ್ಕೆ ಮುಗೀತಾ, ಇಲ್ಲ ಮತ್ತೂ ಬಂದು ಕೇಳ್ತಾರಾ?"

"ವರ್ಷ ವರ್ಷವೂ ಬತ್ತಾರೆ ಚಿಕ್ಕವ್ವ. ಬದುಕವ್ರಾ, ಯಾರಾದ್ರೂ ಅವ್ರಾ ಅಂತ ಕೇಳ್ಕೊಂಡು ಹೋಗ್ತಾರೆ."

ಅವಳು ಒಂದು ಕಟ್ಟಿಗೆಯನ್ನು ಒಲೆಯೊಳಕ್ಕೆ ತಳ್ಳಿದಳು.

"ಹಂಗಾದ್ರೆ ಅವತ್ತೊಂದ್ ದಿನ ನೀನು ಬರ್ಬೇಡ ಮಗ. ನಿನ್ ಮುಂದೆ ಅನ್ನಾಕೆ ಇನ್ನೊಂದ್ ಸಲ ನನ್ ಕೈಲಾಗಲ್ಲ."

ಅವಳು ಬದುಕಿದ್ದಷ್ಟು ವರ್ಷ, ಇನ್ಸ್‌ಪೆಕ್ಟರು ಬರುವ ದಿನ ನಾನು ಮಸಿನಗುಡಿಗೆ ಹೋಗಲಿಲ್ಲ.